ಕೋಶಕೇಂದ್ರದ ಅನುತ್ಪಾದಕ ಪಿನ್ನುಗಳು

ಏನನ್ನೂ ತಯಾರಿಸದ ಯಾವುದೇ ವಸ್ತು ಕಾಲೇಜಿನ ಆವರಣದಲ್ಲಿ ಇರತಕ್ಕದ್ದಲ್ಲ ಎಂಬ ಸುತ್ತೋಲೆ ಸೋಮವಾರ ಲಿಂಗಸುಗೂರಿನ ಕಾಲೇಜೊಂದಕ್ಕೆ ತಲುಪಿತು. ಬುಧವಾರ ತಪಾಸಣಾ ಸಮಿತಿ ಸಿಂಧನೂರಿನಿಂದ ಹೊರಟು, ಮಸ್ಕಿಯಲ್ಲಿ ಮಿರ್ಚಿ ತಿಂದು, ಜೀವಶಾಸ್ತ್ರ ವಿಭಾಗಕ್ಕೆ ಬಂತು.

ಅಲ್ಲಿ ಅತಿಥಿ ಉಪನ್ಯಾಸಕಿ ನಾಗವೇಣಿ ಜೀವಕೋಶದ ಕೇಂದ್ರದ ಮಾದರಿ ಇಟ್ಟುಕೊಂಡು ನಿಂತಿದ್ದಳು. ಅಗಲ ಬಾಯಿಯ ಗಡಿಗೆಯೇ ಕೋಶಕೇಂದ್ರ. ಒಳಗೆ ಗುರುಗುಂಟಾದ ಕುರಿ ಉಣ್ಣೆಯ ನಲವತ್ತಾರು ಎಳೆ, ಅದು ಡಿಎನ್‌ಎ. ಎಳೆಗಳನ್ನು ಮಡಚಿ ಅವುಗಳ ಜಾಗದಲ್ಲಿ ಹಿಡಿದದ್ದು ಹೇರ್‌ಪಿನ್ನುಗಳು. ಅವು ಪ್ರೋಟೀನು ತಯಾರಿಸಲು ಸೂಚನೆ ಕೊಡದ ಆರ್‌ಎನ್‌ಎ. ಮಾದರಿ ಪಾಸಾದರೆ ಅವಳ ನೇಮಕ ಇನ್ನೊಂದು ವರ್ಷ ಮುಂದುವರಿಯುತ್ತಿತ್ತು. ಎಂಟು ವರ್ಷದಿಂದ ಹೀಗೇ ನಡೆದಿತ್ತು.

ಸಮಿತಿಯ ಅಧ್ಯಕ್ಷ ಶಿವರಾಜ ಒಂದು ಪಿನ್ನು ಕಿತ್ತು ಬೆಳಕಿಗೆ ಹಿಡಿದರು.

"ಇದು ಏನು ತಯಾರು ಮಾಡತೈತಿ?"

"ತಯಾರು ಮಾಡಂಗಿಲ್ಲ ಸರ್. ಯಾವ ಎಳಿ ಎಲ್ಲಿರಬೇಕೋ ಅಲ್ಲಿ ಇಡತೈತಿ. ಬ್ಯಾಡಾದ ಎಳಿ ಬಾಯಿ ಮುಚ್ಚಸತೈತಿ."

"ಬಾಯಿ ಮುಚ್ಚಸಾಕ ಸೂಪರಿಂಟೆಂಡೆಂಟ್ ಅದಾರಲ್ಲ. ತಗೀರಿ ಹೊರಗ."

"ತಗದ್ರ ಎಲ್ಲಾ ಗಂಟು ಬೀಳತೈತಿ ಸರ್."

"ನೀವು ಕಾಯಂ ಏನ್ರೀ?"

ನಾಗವೇಣಿ ಪಿನ್ನು ತೆಗೆದಳು. ಎಳೆಗಳು ಗಡಿಗೆಯ ತಳಕ್ಕೆ ಕುಸಿದು ಗಂಟಾದವು. ಪಿನ್ನುಗಳನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಲಾಯಿತು. ಎಳೆಗಳು ಬೀಳತಕ್ಕದ್ದಲ್ಲ ಎಂದು ಸಮಿತಿ ಷರಾ ಬರೆಯಿತು.

ಪರಿಹಾರವನ್ನೂ ಸಮಿತಿಯೇ ಸೂಚಿಸಿತು. ಕೈಗೊಂದು ಎಳೆಯಂತೆ ಹಿಡಿದು ನಿಲ್ಲಲು ಇಪ್ಪತ್ಮೂರು 'ಎಳೆಧಾರಕ' ಹುದ್ದೆ ಮಂಜೂರಾದವು, ಎಲ್ಲವೂ ಕಾಯಂ. ಇಪ್ಪತ್ತೆರಡಕ್ಕೆ ಸಮಿತಿಯವರ ಅಳಿಯಂದಿರು ಅರ್ಹರೆಂದು ಕಂಡುಬಂತು. ಉಳಿದೊಂದು ನಾಗವೇಣಿಗೆ ಸಿಕ್ಕಿತು. ನಲವತ್ತಾರು ಕೈ ಒಳಗೆ ಹಿಡಿಸದ ಕಾರಣ ಗಡಿಗೆ ಒಡೆಯಲು ಅನುಮತಿ ದೊರೆಯಿತು. ಎಳೆಧಾರಕರು ಏನು ತಯಾರಿಸುತ್ತಾರೆಂಬ ಪ್ರಶ್ನೆ ಏಳಲಿಲ್ಲ. ಸುತ್ತೋಲೆ ವಸ್ತುಗಳಿಗೆ ಮಾತ್ರ ಅನ್ವಯ.

ಈಗ ಮಾದರಿ ವರಾಂಡದಲ್ಲಿದೆ. ಅಳಿಯಂದಿರ ನಡುವೆ ನಾಗವೇಣಿ ಎರಡು ಎಳೆ ಹಿಡಿದು ನಿಂತಿದ್ದಾಳೆ. ಪಾಠ ಮಾಡುವವರಿಲ್ಲ; ಆ ಕೆಲಸಕ್ಕೆ ಅವಳು ರಾಜೀನಾಮೆ ಕೊಟ್ಟಾಗಿದೆ.

ಕಸ ಗುಡಿಸುವ ಕಸ್ತೂರೆಮ್ಮ ಗಡಿಗೆಯ ಚೂರು ಬಳಿಯುತ್ತ ಕೇಳಿದಳು: "ಅಕ್ಕಾರ, ಆ ಪಿನ್ನು ಪಗಾರ ಕೇಳತಿದ್ದವೇನ್ರೀ?"

"ಸುಮ್ನಿರವ್ವಾ. ನನ್ನ ಮೂಗಿನ ಮ್ಯಾಲ ನೊಣ ಕುಂತೈತಿ, ಓಡಸು."

ಕಸ್ತೂರೆಮ್ಮ ಓಡಿಸಿದಳು. ನೊಣ ಪಕ್ಕದ ಅಳಿಯನ ಮೂಗಿಗೆ ಹೋಯಿತು. ಇಪ್ಪತ್ಮೂರು ನೊಣ ಓಡಿಸುವವರ ಹುದ್ದೆಗೆ ಪ್ರಸ್ತಾವನೆ ಸಿಂಧನೂರಿಗೆ ಹೋಗಿದೆ.