ಗೋಡೆಗೂ ಒಂದು ಫಿಲ್ಲಿಂಗ್

ತೂತು ಕಂಡರೆ ತುಂಬದೆ ಬಿಡುವವನಲ್ಲ ನಾನು! ದಂತವೈದ್ಯನ ಕೈ ಇದು. ಇಂಥ ಕೈಗೆ ಬೀದಿಯ ಸಂಘದವರು ಕುಂಚ ಕೊಟ್ಟಾಗ, "ಊರಿಗೆ ಊರೇ ಬಂದು ನೋಡಬೇಕು, ಹಾಗೆ ಮಾಡ್ತೀನಿ" ಎಂದು ಎದೆ ತಟ್ಟಿಕೊಂಡೆ.

ವಿಷಯ ಇಷ್ಟೆ. ಕಣ್ಮರೆಯಾಗುತ್ತಿರುವ ಪ್ರಾಣಿಪಕ್ಷಿಗಳ ಬಗ್ಗೆ ಜನರಲ್ಲಿ ಅರಿವು ಮೂಡಿಸಲು ನಮ್ಮ ಬೀದಿಯ ಒಂದೊಂದು ಮನೆಯವರೂ ಹಿಂದಿನ ಓಣಿಯ ಗೋಡೆಯ ಮೇಲೆ ಒಂದೊಂದು ಚಿತ್ರ ಬರೆಯಬೇಕು. ಉಸ್ತುವಾರಿಯೂ ಬಹುಮಾನದ ತೀರ್ಪೂ ಡ್ರಾಯಿಂಗ್ ಮೇಷ್ಟ್ರದು. ಎದುರುಮನೆಗೆ ಆಮೆ ಬಂತು, ಪಕ್ಕದ ಮನೆಗೆ ತೋಳ. ಗೂಬೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕೊನೆಗೆ ಅದನ್ನು ನನ್ನ ತಲೆಯ ಮೇಲೆ ಕೂರಿಸಿದರು!

ಹೆಂಡತಿ ಹಿಂದಿನ ಕಿಟಕಿಯ ಪಕ್ಕ ಕೂತು ಬಟ್ಟೆ ಹೊಲಿಯುತ್ತಾಳೆ. ಆ ಕಿಟಕಿಗೆ ಎದುರಾಗಿಯೇ ನನ್ನ ಪಾಲಿನ ಗೋಡೆ.

"ರೀ, ಏನಾದ್ರೂ ಬರ್ಕೊಳ್ಳಿ. ಆದ್ರೆ ಮೇಲ್ಗಡೆ ಒಂದು ತೂತಿದೆಯಲ್ಲ, ಅದರೊಳಗೆ..."

"ತೂತಿನ ವಿಷ್ಯ ನನಗೇ ಹೇಳ್ಕೊಡ್ತೀಯಾ?"

"ಅಯ್ಯೋ, ಪೂರ್ತಿ ಕೇಳಿ!"

ಪೂರ್ತಿ ಕೇಳುವ ವ್ಯವಧಾನ ಕಲಾವಿದನಿಗೆಲ್ಲಿ? ಅವಳು ಅಕ್ಕನ ಮನೆಗೆ ಹೋದದ್ದೇ ತಡ, ಅಂದೇ ಮುಸ್ಸಂಜೆ ಏಣಿ ಹಾಕಿದೆ. ಮುಷ್ಟಿ ಹೋಗುವಷ್ಟು ತೂತು. ಒಳಗೆ ಕಸ, ಕಡ್ಡಿ, ಪುಕ್ಕ. ಪುಕ್ಕ ಕಂಡರೂ ಈ ಮಂಡೆಗೆ ಏನೂ ಹೊಳೆಯಲಿಲ್ಲ. ಕೆರೆದೆ, ತೊಳೆದೆ, ಒಣಗಿಸಿದೆ, ಸಿಮೆಂಟು ಮೆತ್ತಿ ನುಣುಪು ಮಾಡಿದೆ. ಗೋಡೆಗೆ "ಬಾಯಿ ಮುಕ್ಕಳಿಸಿ" ಎನ್ನುವುದೊಂದು ಬಾಕಿ! ಮರುದಿನ, ತುಂಬಿದ ಜಾಗಕ್ಕೇ ಎದೆ ಬರುವಂತೆ ಭಾರೀ ಗೂಬೆಯೊಂದನ್ನು ಬರೆದೆ.

ಮೇಷ್ಟ್ರು ನೋಡಿ ನೋಡಿ, "ಡಾಕ್ಟ್ರೇ, ಗೂಬೆಗೆ ಹಲ್ಲು ಯಾಕೆ ಬಂತು?" ಎಂದರು. ಅಭ್ಯಾಸಬಲ!

ಹೆಂಡತಿ ವಾಪಸಾದ ಸಂಜೆ ಕಿಟಕಿಯ ಬಳಿ ಕರೆದು ತೋರಿಸಿದೆ. ಅವಳು ಚಿತ್ರ ನೋಡಲೇ ಇಲ್ಲ. ತಂತಿಯ ಮೇಲೆ ಎರಡು ಪುಟ್ಟ ಗೂಬೆಗಳು ಕೂತಿದ್ದವು. ಒಂದು ಹಾರಿಬಂದು ನನ್ನ ಗೂಬೆಯ ಎದೆಗೆ ಉಗುರು ಊರಿ ಜಾರಿತು. ಮತ್ತೆ ಬಂತು, ಮತ್ತೆ ಜಾರಿತು.

"ತೂತೆಲ್ಲಿ ರೀ?"

"ಮುಚ್ಚಿದೆ. ಹತ್ತು ವರ್ಷ ಗ್ಯಾರಂಟಿ!"

"ಅದು ಅವುಗಳ ಮನೆ ಕಣ್ರೀ. ಸದ್ಯ, ಮರಿಗಳು ಹೋದ ತಿಂಗಳೇ ಹಾರಿಹೋಗಿದ್ವು. ದಿನವೆಲ್ಲ ಸೂಜಿ ನೋಡಿ ಕಣ್ಣು ಸೋತಾಗ, ಸಂಜೆ ಅವೆರಡೂ ಹೊರಗೆ ಬರೋದನ್ನ ನೋಡ್ತಿದ್ದೆ. ನನಗೆ ಅಂತ ಇದ್ದಿದ್ದು ಅದೊಂದೇ. ಅದನ್ನೇ ಅವತ್ತು ಹೇಳೋಕೆ ಬಂದೆ."

ಜನರ ವಸಡಿಗೆ ನಾನು ಕೊಡುವ ಮರಗಟ್ಟಿಸುವ ಇಂಜೆಕ್ಷನ್ನನ್ನು ನನಗೇ ಚುಚ್ಚಿದಂತಾಯಿತು.

ಬೆಳಗಾಗುತ್ತಲೇ ಉಳಿ, ಸುತ್ತಿಗೆ ಹಿಡಿದು ಏಣಿ ಹತ್ತಿದೆ. ನನ್ನ ಕೆಲಸ ಇಷ್ಟು ಗಟ್ಟಿಯಾಗಿರಬಾರದಿತ್ತು ಎಂದು ಜನ್ಮದಲ್ಲಿ ಮೊದಲ ಸಲ ಅನ್ನಿಸಿತು! ಮಧ್ಯಾಹ್ನದ ಹೊತ್ತಿಗೆ ಗೂಬೆಯ ಎದೆಯಲ್ಲಿ ತೂತು ಬಿತ್ತು. ಒಳಗೆ ಒಣಹುಲ್ಲು, ಕಡ್ಡಿ ಎಲ್ಲ ಇಟ್ಟೆ. ಅವು ಬರಲಿಲ್ಲ. ಎಷ್ಟೋ ಸಂಜೆ ಇಬ್ಬರೂ ಕಿಟಕಿಯಲ್ಲಿ ಕಾದೆವು. ಆಮೇಲೊಂದು ದಿನ ಅವಳು ಹೊಲಿಗೆ ಯಂತ್ರವನ್ನೇ ಒಳಗೋಡೆಯ ಕಡೆಗೆ ತಿರುಗಿಸಿಕೊಂಡಳು.

ನಿನ್ನೆ ಮೇಷ್ಟ್ರು ಓಡೋಡಿ ಬಂದರು. "ಎದೇಲಿ ತೂತು! ಎಂಥಾ ಕಲ್ಪನೆ ಡಾಕ್ಟ್ರೇ! ಮೊದಲ ಬಹುಮಾನ ನಿಮಗೇ! ಚಿತ್ರದ ಕೆಳಗೆ ಜನಕ್ಕೆ ಅರಿವು ಮೂಡಿಸೋ ಒಂದು ಮಾತು ಬೇಕು, ಏನು ಬರೆಯೋಣ?"

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಯಂತ್ರ ನಿಲ್ಲಿಸದೆ ಹೇಳಿದಳು.

"'ಇಲ್ಲಿ ಎರಡಿದ್ದವು, ಚಿತ್ರ ಬರೆಯೋವರೆಗೂ' ಅಂತ ಬರೀರಿ."