ಅರ್ಧ ಗಡ್ಡದ ಪ್ರಯೋಗ

ತರಗತಿಯಲ್ಲಿ ಒಂದು ಒಳ್ಳೆಯ ಊಹೆಯನ್ನು ಹೊಗಳಿದ್ದೇ ನಾಗನಾಥ ಮಾಸ್ತರರ ತಪ್ಪು. ಹೊಗಳದೆ ಬೆಂಚಿನ ಮೇಲೆ ನಿಲ್ಲಿಸಿದ್ದರೆ ಆ ಊಹೆ ಅಲ್ಲೇ ಸಾಯುತ್ತಿತ್ತು. ಮಾಸ್ತರರ ಮದುವೆಯಾದರೂ ಬದುಕಿಕೊಳ್ಳುತ್ತಿತ್ತು.

ಅದು ಬರದ ಎರಡನೆಯ ವರ್ಷ. ಯೆಣೆಗೂರಿನ ಹೆದ್ದಾರಿಯಿಂದ ಒಳಗೆ, ದಿಬ್ಬದ ಮೇಲೆ ಕುಳಿತ ಬೋಳೆವಾಡಿಯ ಆಕಾಶ ತೊಳೆದಿಟ್ಟ ತಾಟಿನಂತೆ ಖಾಲಿಯಾಗಿತ್ತು. ತೊಳೆಯಲು ನೀರು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಬಾವಿಗಳು ಹೇಳಬೇಕಾದ ಮಾತು ಮರೆತ ಮುದುಕರ ಹಾಗೆ ಬಾಯಿ ತೆರೆದುಕೊಂಡು ಮೇಲಕ್ಕೆ ನೋಡುತ್ತಿದ್ದವು. ಊರಿಗೆ ನೀರೆಂದರೆ ಸರಕಾರದ ಟ್ಯಾಂಕರು. ಅದು ಯಾವಾಗ ಬರುತ್ತದೆಂಬುದನ್ನು ಪಂಚಾಂಗ ಬಲ್ಲ ರಾಚಯ್ಯ ಸ್ವಾಮಿಗಳೂ ಹೇಳಲಾರರು.

ಮರಾಠಿ ಸೀಮೆಯ ಗಡಿಗೆ ಸೇರಿದ ಇಂಥ ಊರಿನ ಹೈಸ್ಕೂಲಿನಲ್ಲಿ ನಾಗನಾಥ ಮಾಸ್ತರು ವಿಜ್ಞಾನ ಕಲಿಸುತ್ತಿದ್ದರು. ಪುಸ್ತಕ ಮರಾಠಿಯಲ್ಲಿತ್ತು, ಮಕ್ಕಳ ತಲೆ ಕನ್ನಡದಲ್ಲಿತ್ತು, ವಿಜ್ಞಾನ ಇವೆರಡರ ಗಡಿಯಲ್ಲೆಲ್ಲೋ ನಿಂತು ಬಸ್ಸಿಗೆ ಕಾಯುತ್ತಿತ್ತು. ಒಂದು ಶನಿವಾರ ಅದನ್ನು ಹೇಗಾದರೂ ಬಸ್ಸು ಹತ್ತಿಸಬೇಕೆಂದು ಮಾಸ್ತರು ನಿಶ್ಚಯಿಸಿದರು.

"ಅಂದಾಜ ಯಾವುದರ ಇರ್ಲಿ, ಪರೀಕ್ಷಾ ಮಾಡ್ಲಾಕ ಬರಬೇಕು," ಎಂದರು ಒಂಬತ್ತನೆಯ ತರಗತಿಗೆ. "ಖರೇನೂ ಆಗಬಹುದು, ಸುಳ್ಳೂ ಆಗಬಹುದು. ಸುಳ್ಳಾಗ್ಲಾಕ ಅಂಜೂ ಅಂದಾಜ, ಅಂದಾಜೇ ಅಲ್ಲ. ಹೂಂ, ಒಬ್ಬೊಬ್ಬರು ಹೇಳ್ರಿ."

"ಕಾಗಿ ಒದರಿದ್ರ ಪಾವಣೇರು ಬರ್ತಾರ್ರಿ ಸರ್."

"ಛಲೋ. ಒದರಿದಾಗೆಲ್ಲಾ ಬರ್ತಾರೇನು ನೋಡು. ಮುಂದ?"

"ದೇವರು ಸಿಟ್ಟಾಗ್ಯಾನ, ಅದಕ್ಕ ಮಳಿ ಇಲ್ರಿ."

"ಪರೀಕ್ಷಾ ಹ್ಯಾಂಗ ಮಾಡ್ತಿ? ದೇವರ ಮಾರಿ ನೋಡಿ ಬಂದೀಯೇನು? ಕೂಡು."

ಆಗ ಎದ್ದವಳು ಅನುಸೂಯಾ, ಮಾಸ್ತರರ ನೆರೆಮನೆಯ ಗಿರಿಜಾಬಾಯಿಯ ಮಗಳು. "ನೀವು ದಾಡಿಗಿ ಸಾಬಣ ಹಚ್ಚಿಕೊಂಡಾಗ ಟ್ಯಾಂಕರ್ ಬರತದ್ರಿ ಸರ್."

ತರಗತಿ ನಕ್ಕಿತು. ಮಾಸ್ತರು ನಗಲಿಲ್ಲ. ಮನೆಯ ಮಾಳಿಗೆಯ ಮೇಲೆ ಕಂಬಕ್ಕೆ ಕನ್ನಡಿ ತೂಗುಹಾಕಿ ಅವರು ಮುಖಕ್ಕೆ ನೊರೆ ಬಳಿದುಕೊಂಡಾಗಲೆಲ್ಲ ಸ್ವಲ್ಪ ಹೊತ್ತಿಗೆ "ಟ್ಯಾಂಕರ್ ಬಂತೋ!" ಎಂಬ ಕೂಗೆದ್ದು, ಅವರು ಅರ್ಧ ಗಡ್ಡದಲ್ಲೇ ಕೊಡ ಹಿಡಿದು ಓಡುತ್ತಿದ್ದದ್ದು ಊರಿಗೇ ಗೊತ್ತಿದ್ದ ಸಂಗತಿ. ಎರಡು ಸಂಗತಿಗಳು ಜೊತೆಯಾಗಿ ನಡೆದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗದೆಂದು ಅವರು ಗಂಟೆ ಹೊಡೆಯುವವರೆಗೆ ವಿವರಿಸಿದರು. ಕೊನೆಗೆ, ತತ್ವಕ್ಕೆ ಕಟ್ಟುಬಿದ್ದು, "ಆದ್ರ ಅಂದಾಜ ಅಂದ್ರ ಹಿಂಗಿರಬೇಕು. ಶಾಬಾಸ್!" ಎಂದರು.

ಶಾಬಾಸ್ ಸಂಜೆಯೊಳಗೆ ಊರು ಸುತ್ತಿತು. ವಿವರಣೆ ಶಾಲೆಯಲ್ಲೇ ಉಳಿಯಿತು.

ಅದೇ ಹೊತ್ತಿಗೆ ಉದಗೀರದಿಂದ ಸಂಬಂಧವೊಂದು ಬಂದಿತ್ತು. ಮಾಸ್ತರರ ವಯಸ್ಸು ಅವರೇ ಕನ್ಯೆ ಆರಿಸುವ ಘಟ್ಟವನ್ನು ದಾಟಿ, ಹೆಣ್ಣಿನ ಕಡೆಯ ಪಾವಣೇರು, ನೆಂಟರು, ಬರುವುದನ್ನು ಕಾಯುವ ಘಟ್ಟಕ್ಕೆ ಬಂದು ನಿಂತಿತ್ತು. ಹಿಂದೆ ಬಂದವರೆಲ್ಲ ವರನ ಮುಖ ನೋಡುವ ಮೊದಲು ನೀರಿನ ಹರವಿಯ ಮುಚ್ಚಳ ಎತ್ತಿ ನೋಡಿದ್ದರು, ಮೆಲ್ಲಗೆ ಮುಚ್ಚಿದ್ದರು, ಚಹಾ ಕುಡಿದು "ತಿಳಸ್ತೀವಿ" ಎಂದು ಹೋಗಿದ್ದರು. ನೀರಿಲ್ಲದ ಊರಿಗೆ ಆ ಸೀಮೆಯಲ್ಲಿ ಯಾರೂ ಹೆಣ್ಣು ಕೊಡುತ್ತಿರಲಿಲ್ಲ.

ಈ ಸಲ ಮಾತ್ರ ಮಾಸ್ತರರ ಮನಸ್ಸೂ ಒಳಗೆ ಸಿಕ್ಕಿಕೊಂಡಿತ್ತು. ಹುಡುಗಿ ಸುಮಿತ್ರಾ, ಉದಗೀರದ ಧಾನ್ಯದ ವ್ಯಾಪಾರಿ ಮಹಾದೇವಪ್ಪನವರ ಮಗಳು. ಯಾರದೋ ಮದುವೆಯ ಚಪ್ಪರದಲ್ಲಿ ಆಕೆ, "ಈ ಪೆಟ್ರೋಮ್ಯಾಕ್ಸ್ ಯಾಕ ಹಿಂಗ ಸುಂಯ್ ಅಂತದ್ರಿ?" ಎಂದು ಅವರನ್ನು ಕೇಳಿದ್ದಳು. ಪರೀಕ್ಷೆಯಲ್ಲಿ ಬಾರದ ಪ್ರಶ್ನೆಯನ್ನು ಅವರಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಆ ಪ್ರಶ್ನೆಯನ್ನು ಅವರು ಒಣಗಿದ ಸಂಪಿಗೆಯ ಹಾಗೆ ಮನಸ್ಸಿನ ಪುಟಗಳ ನಡುವೆ ಇಟ್ಟುಕೊಂಡಿದ್ದರು.

ಮುಂದಿನ ವಾರದ ಭಾನುವಾರ ಪಾವಣೇರು ಬರುವವರಿದ್ದರು. "ದಾಡಿಗಿ ಅಂತ ನೀರು ಚೆಲ್ಲಬ್ಯಾಡಪಾ, ಪಾವಣೇರು ಬರೂ ದಿನ ಒಮ್ಮೆಲೇ ಮಾಡ್ಕೋ," ಎಂದು ತಾಯಿ ಶಿವಗಂಗಾಬಾಯಿ ಹೇಳಿದ್ದರಿಂದ ಮಾಸ್ತರು ವಾರವಿಡೀ ಗಡ್ಡಕ್ಕೆ ಕೈಹಚ್ಚಿರಲಿಲ್ಲ. ಆ ವಾರವಿಡೀ ಟ್ಯಾಂಕರೂ ಬರಲಿಲ್ಲ.

ಭಾನುವಾರ ಬೆಳಗ್ಗೆ ಕ್ಷೌರದ ಪೆಟ್ಟಿಗೆ ಹಿಡಿದು ಹೊರಬಂದರೆ ಅಂಗಳದ ತುಂಬ ಜನ, ಜನಕ್ಕಿಂತ ಹೆಚ್ಚು ಕೊಡಗಳು. ಮುಂದೆ ರಾಚಯ್ಯ ಸ್ವಾಮಿಗಳು.

"ಏನ್ರಿ ಗುರುಜಿ, ಊರ ನೀರು ನಿಲ್ಲಿಸಿ ದಾಡಿ ಬೆಳಸ್ಲತ್ತೀರಿ?"

"ಸ್ವಾಮೇರ, ನನ್ನ ದಾಡಿಗೂ ಟ್ಯಾಂಕರಿಗೂ ಏನ ಸಂಬಂಧ?"

"ಸಂಬಂಧಕ್ಕ ನೀವೇ ಶಾಬಾಸ್ ಅಂದೀರಿ."

"ಶಾಬಾಸ್ ಅಂದದ್ದು ಅಂದಾಜಿಗಿ. ಪರೀಕ್ಷಾ ಇನ್ನೂ ಆಗಿಲ್ಲ."

"ಹಂಗಾರ ಈಗ ಆಗ್ಲಿ," ಎಂದಳು ಗಿರಿಜಾಬಾಯಿ. "ನಮ್ಮ ಅನುಸೂಯಾ ಸುಳ್ಳ ಹೇಳೂ ಪೋರಿ ಅಲ್ಲ."

ಮಾಸ್ತರು ಯೋಚಿಸಿದರು. ಗಡ್ಡ ಹೇಗೂ ತೆಗೆಯಬೇಕು. ಜೊತೆಗೆ ಒಂದು ಮೂಢನಂಬಿಕೆಯೂ ಹೋಗುವುದಾದರೆ ಒಂದೇ ಸಾಬೂನಿನಲ್ಲಿ ಎರಡು ಕೆಲಸ. ಅವರು ಮಾಳಿಗೆಯ ನಿಚ್ಚಣಿಕೆಯತ್ತ ತಿರುಗಿದರೆ ರಾಚಯ್ಯ ಸ್ವಾಮಿಗಳು ತಡೆದರು. "ಅಲ್ಲಿ ಯಾರಿಗಿ ಕಾಣ್ತದ? ಚಾವಡಿ ಮುಂದ ಬೇವಿನ ಗಿಡದ ಕೆಳಗ ಕೂಡ್ರಿ. ನೆರಳ ಅದ, ಮಂದೀನೂ ನೋಡ್ತಾರ."

ಬೇವಿನ ನೆರಳಲ್ಲಿ ಸ್ಟೂಲು ಬಂತು. ಕನ್ನಡಿಯನ್ನು ಬೊಡ್ಡೆಗೆ ಆನಿಸಿದರು. ಮಾಸ್ತರು ಮುಖಕ್ಕೆ ನೊರೆ ಹಚ್ಚಿದರು. ಊರು ಒಮ್ಮೆ ಅವರ ಮುಖವನ್ನೂ ಒಮ್ಮೆ ರಸ್ತೆಯನ್ನೂ ನೋಡತೊಡಗಿತು. ಅಷ್ಟು ಜನ ಒಟ್ಟಿಗೆ ತಮ್ಮನ್ನು ಇಷ್ಟು ಆಸೆಯಿಂದ ನೋಡಿದ್ದು ಅವರ ಬಾಳಿನಲ್ಲಿ ಅದೇ ಮೊದಲು.

ಟ್ಯಾಂಕರು ಬರಲಿಲ್ಲ. ನೊರೆ ಒಣಗಿ ಕೆರೆಯ ತಳದಂತೆ ಬಿರುಕು ಬಿಟ್ಟಿತು. ಮಾಸ್ತರು ಎದ್ದು ನಿಂತು, "ನೋಡಿದ್ರಿಲ್ಲೋ? ಅಂದಾಜ ಸುಳ್ಳಾಯ್ತು. ಇದಕ್ಕೇ ವಿಜ್ಞಾನ ಅಂತಾರ," ಎಂದು ಹೇಳಿ ಎಡಗೆನ್ನೆಯನ್ನು ಸರಕ್ಕನೆ ಬೋಳಿಸಿಕೊಂಡರು.

"ತಡೀರಿ, ತಡೀರಿ!" ರಾಚಯ್ಯ ಸ್ವಾಮಿಗಳು ಕೈ ಹಿಡಿದರು. "ಸಾಬಣ ಮೊದಲ ಯಾವ ಗಲ್ಲಕ್ಕ ಹಚ್ಚಿದ್ರಿ?"

"ಬಲಕ್ಕ ಇರಬೇಕು."

"ದಿನಾ?"

"ದಿನಾ... ಎಡಕ್ಕೋ ಏನೋ, ಯಾರು ನೋಡ್ಯಾರ!"

"ಮತ್ತ! ತಪ್ಪ ಅಲ್ಲೇ ಅದ. ಹೊಳ್ಳಿ ಹಚ್ಚರಿ."

ಹೊಳ್ಳಿ ಹಚ್ಚಿದ್ದಾಯಿತು. ಆಮೇಲೆ ಗಿರಿಜಾಬಾಯಿಗೆ ಬನಿಯನ್ನು ನೆನಪಾಯಿತು. ಗುರುಜಿ ಪಾವಣೇರಿಗಾಗಿ ಇಸ್ತ್ರಿಯ ಅಂಗಿ ತೊಟ್ಟಿದ್ದಾರೆ, ಹಿಂದೆ ನೀರು ಬಂದದ್ದೆಲ್ಲ ಹರಕು ಬನಿಯನ್ನಿಗೆ. ಅಂಗಿ ಹೋಗಿ ಬನಿಯನ್ನು ಬಂತು. ಮತ್ತೊಬ್ಬರಿಗೆ ಸಾಬೂನಿನ ಮೇಲೆಯೇ ಸಂಶಯ ಬಂದು ತಮ್ಮ ಮನೆಯ ತುಣುಕು ತಂದರು. ಅದು ಬಟ್ಟೆ ಒಗೆಯುವ ಸಾಬೂನು. ಒಂದೊಂದು ತಿದ್ದುಪಡಿಗೂ ಒಂದೊಂದು ಮನೆಯಿಂದ ಚಂಬು ನೀರು ಬರುತ್ತಿತ್ತು. ನೀರು ತರಿಸುವ ಪ್ರಯೋಗದಲ್ಲಿ ಬೋಳೆವಾಡಿಯ ಉಳಿದ ನೀರೆಲ್ಲ ಮಾಸ್ತರರ ಬಲಗೆನ್ನೆಯ ಮೇಲೆ ಆರಿಹೋಯಿತು.

ಅಷ್ಟರಲ್ಲಿ ಅನುಸೂಯಾ ತರಗತಿಯಲ್ಲಿ ಎತ್ತುವ ಹಾಗೆ ಕೈ ಎತ್ತಿದಳು. "ಸರ್, ಪ್ರಯೋಗದಾಗ ಎಲ್ಲಾ ಮೊದಲಿನಂಗೇ ಇರಬೇಕು ಅಂತ ನೀವೇ ಹೇಳೀರಿ. ನೀವು ದಿನಾ ಮಾಳಗಿ ಮ್ಯಾಲ ಮಾಡ್ಕೋತಿದ್ರಿ."

ಮಾಸ್ತರು ಆಕೆಯನ್ನು ಒಳ್ಳೆಯ ಶಿಷ್ಯರನ್ನು ನೋಡುವಂತೆ ನೋಡಿದರು, ಹೆಮ್ಮೆಯಿಂದ ಮತ್ತು ಭಯದಿಂದ.

ಊರು ಅವರನ್ನು ಮಾಳಿಗೆ ಹತ್ತಿಸಿತು. ಕನ್ನಡಿ ತನ್ನ ಹಳೆಯ ಮೊಳೆಗೆ ಮರಳಿ, ಗಾಳಿಗೆ ತೂಗಿ, ಬಿಸಿಲನ್ನು ಒಮ್ಮೆ ನುಂಗಿ ಒಮ್ಮೆ ಉಗುಳಿತು. ಪಾವಣೇರ ಚಹಾಕ್ಕೆಂದು ಮುಚ್ಚಿಟ್ಟಿದ್ದ ಕಡೆಯ ಚಂಬನ್ನು ಶಿವಗಂಗಾಬಾಯಿ ತಂದಿಟ್ಟು, "ಹಚ್ಕೋ ತಮ್ಮಾ. ಯಾರ ಪುಣ್ಯದಿಂದರ ಬರ್ಲಿ, ಹರವಿ ತುಂಬಬೇಕು," ಎಂದರು.

ಮಾಸ್ತರು ಬಲಗೆನ್ನೆಗೆ ನೊರೆ ಬಳಿದು ಕತ್ತಿ ಎತ್ತುವಷ್ಟರಲ್ಲಿ ಹೆದ್ದಾರಿಯಿಂದ ಊರಿಗೆ ಕವಲೊಡೆಯುವ ಫಾಟಾದ ಕಡೆ ಕೆಂಧೂಳು ಎದ್ದಿತು.

"ಟ್ಯಾಂಕರ್ ಬಂತೋ!"

ಕೊಡಗಳು ಓಡಿದವು. ಓಡುತ್ತಲೇ ರಾಚಯ್ಯ ಸ್ವಾಮಿಗಳು ಹಿಂದಿರುಗಿ ಕೂಗಿದರು: "ಗುರುಜಿ, ಒರಸಬ್ಯಾಡ್ರಿ! ಟಾಕಿ ಖಾಲಿ ಆಗೂತನಕಾ ಹಂಗೇ ಇರ್ರಿ!"

ಟ್ಯಾಂಕರು ಮಾಸ್ತರರ ಮನೆಯ ಮುಂದೆಯೇ ನಿಂತಿತು. ಚಾಲಕ ಸೂರ್ಯಕಾಂತನ ಪಕ್ಕದಿಂದ ಮೊದಲು ಒಂದು ಜರಿಯ ರುಮಾಲು ಇಳಿಯಿತು, ಆಮೇಲೆ ಒಂದು ಇಳಕಲ್ ಸೀರೆ. ಮಹಾದೇವಪ್ಪ ಮತ್ತು ಅವರ ಅಕ್ಕ ಕುಸುಮಬಾಯಿ. ಬಸ್ಸು ಅವರನ್ನು ಫಾಟಾದಲ್ಲೇ ಇಳಿಸಿ ಹೋಗಿತ್ತು.

ಕುಸುಮಬಾಯಿ ನೆಟ್ಟಗೆ ಒಳಹೋದರು. ಊರ ಹುಡುಗಿಯರು ಆಗಲೇ ಗುರುಜಿಯ ಹರವಿಗಳನ್ನು ತುಂಬಿದ್ದರು. ಕುಸುಮಬಾಯಿ ಮುಚ್ಚಳ ಎತ್ತಿದರು, ಬೆರಳು ಅದ್ದಿ ನೋಡಿದರು, ಹೊರಬಂದು ತಮ್ಮನಿಗೆ ತಲೆದೂಗಿದರು.

"ಏನ ಆಶ್ಚರ್ಯರೀ!" ಎಂದರು ಮಹಾದೇವಪ್ಪ. "ಈ ಡ್ರೈವರ್ ಪಂಕ್ಚರ್ ತಿದ್ದಿಸ್ಕೊಂಡು ಮುಂದಿನೂರಿಗಿ ಹೊಂಟಿದ್ದ. ನಾವು ಎಷ್ಟ ಬೇಡಿಕೊಂಡ್ರೂ ಕೇಳ್ಲಿಲ್ಲ. ಒಮ್ಮೆಲೇ ಏನ ಮನಸ್ಸಿಗಿ ಬಂತೋ, 'ಹತ್ತರಿ' ಅಂದು ಗಾಡಿ ಹೊಳ್ಳಿಸಿದ!"

"ಅಂವಾ ತಾನಾಗೇ ಬರ್ಲಿಲ್ರಿ ಸಾವ್ಕಾರ್ರೇ, ತಂದದ್ದು ನಿಮ್ಮ ಅಳಿಯಾ," ಎಂದು ರಾಚಯ್ಯ ಸ್ವಾಮಿಗಳು ಮಾಳಿಗೆಯತ್ತ ಕೈ ಮಾಡಿ ಎಲ್ಲವನ್ನೂ ವಿವರಿಸಿದರು. ಮೇಲೆ, ಹರಕು ಬನಿಯನ್ನಿನಲ್ಲಿ, ಶಿಲ್ಪಿ ಅರ್ಧಕ್ಕೆ ಬಿಟ್ಟುಹೋದ ಮೂರ್ತಿಯಂತೆ ಮಾಸ್ತರು ನಿಂತಿದ್ದರು.

ಮಹಾದೇವಪ್ಪ ಕೈ ಮುಗಿದೇ ಬಿಟ್ಟರು. "ಇಂಥಾ ಗುಣದ ಅಳಿಯಾ ಹುಡುಕಿದ್ರ ಸಿಗ್ತಾನೇನು! ಅಕ್ಕಾ, ಸಕ್ರಿ ಪುಡಿಕಿ ತೆಗಿ. ಗುರುಜಿ, ಒಂದೇ ಮಾತು. ಲಗ್ನ ಆದ ಮ್ಯಾಲ ಆಗಾಗ ನಮ್ಮ ಉದಗೀರದ ಓಣಿಗೂ ಬಂದು ದಾಡಿ ಮಾಡ್ಕೊಂಡು ಹೋಗಬೇಕು."

ಸಂಬಂಧ ನಿಶ್ಚಯವಾಯಿತೆಂದು ಕೈಗಿಡುವ ಆ ಸಕ್ಕರೆಯ ಪುಡಿಕೆ ಕುಸುಮಬಾಯಿಯ ಚೀಲದಿಂದ ಹೊರಬಂತು. ಮಾಸ್ತರು ಕೆಳಗಿಳಿದು ಬಂದರು. ಕೈ ಚಾಚಿದ್ದರೆ ಮುಗಿಯುತ್ತಿತ್ತು.

ಆದರೆ ಟ್ಯಾಂಕರಿನ ಕಡೆಯಿಂದ ಅನುಸೂಯಾ ಓಡಿಬಂದಳು. "ಸರ್! ಕಾರಣ ಸಿಕ್ತು ಸರ್! ಡ್ರೈವರ್ ಕಾಕಾಗ ಕೇಳ್ರಿ!"

ಸೂರ್ಯಕಾಂತ ಬೀಡಿ ಆರಿಸಿದ. "ಏನಿಲ್ರಿ ಗುರುಜಿ. ನಿಮ್ಮೂರ ಏರು ಭಾಳ ಕೆಟ್ಟದ. ಸುಮ್ಮ ಏರಿ ಬಂದ್ರ ಮಂದಿ ಬರದ ಕೆಲಸಕ್ಕ ಕಲ್ಲ ಖಡಿ ಒಡೀಲಾಕ ಹೋಗಿರ್ತಾರ, ನೀರ ಹಿಡಕೊಳ್ಳಾಕ ನಾಯೀನೂ ಇರೂದಿಲ್ಲ. ಈ ಮಾಳಗಿ ಮ್ಯಾಲಿಂದ ಯಾರೋ ಆರಸಾ, ಕನ್ನಡಿ, ಮಿಂಚಿಸ್ತಾರ. ಮಿಂಚಿದ್ರ ಮಂದಿ ಕರೀಲತ್ತಾರ ಅಂತ ಹೊಳ್ಳಸ್ತೀನಿ. ಇಲ್ಲಂದ್ರ ಸೀದಾ ಮುಂದಿನೂರಿಗಿ."

ನೊರೆಯ ಕೆಳಗೆ ಮಾಸ್ತರರ ಮುಖ ಬೆಳಗಿತು. ಬೇವಿನ ನೆರಳು, ಕಂಬದ ಬಿಸಿಲು, ಟ್ಯಾಂಕರು ಬಾರದ ವಾರ, ಎಲ್ಲವೂ ಒಂದೇ ಕ್ಷಣದಲ್ಲಿ ಕವಿತೆಯ ಸಾಲುಗಳಂತೆ ಕೂಡಿಕೊಂಡವು. ಶಿವಗಂಗಾಬಾಯಿ ಮೊಣಕೈ ಚಿವುಟಿ, "ಸುಮ್ನಿರೋ," ಎಂದರು. ಸುಮ್ಮನಿರಲು ಅವರಿಗೂ ಮನಸ್ಸಾಯಿತು. ಆದರೆ ಪೆಟ್ರೋಮ್ಯಾಕ್ಸ್ ಯಾಕೆ ಸುಂಯ್ ಎನ್ನುತ್ತದೆಂದು ಕೇಳಿದವಳ ಕೈ ಹಿಡಿಯುವವನು ಮೊದಲ ದಿನವೇ ಸುಳ್ಳಿನ ಮೇಲೆ ನಿಲ್ಲಬಹುದೇ?

ಅವರು ಮೇಲೆ ಓಡಿ ಕನ್ನಡಿ ತಂದು ಅಂಗಳದ ಬಿಸಿಲಿಗೆ ಹಿಡಿದರು. ಎದುರು ಗೋಡೆಯ ಮೇಲೆ ಬೆಳಕಿನ ಬಿಲ್ಲೆ ಕುಣಿಯಿತು. ಟವೆಲು ಮುಚ್ಚಿದರು, ಬಿಲ್ಲೆ ಹೋಯಿತು. ತೆಗೆದರು, ಬಂತು.

"ಸಾಬಣ ಅಲ್ರಿ, ಕನ್ನಡಿ!" ಎಂದು ಆನಂದದಿಂದ ಕೂಗಿದರು. "ನಾ ಇದ್ರೂ ಅಷ್ಟೇ, ಇಲ್ಲದಿದ್ರೂ ಅಷ್ಟೇ! ನನ್ನಾಗ ಏನೂ ಗುಣಾ ಇಲ್ಲ!"

ಮಹಾದೇವಪ್ಪ ಗೋಡೆಯನ್ನು ನೋಡಿದರು, ಕನ್ನಡಿಯನ್ನು ನೋಡಿದರು.

"ಅಂದ್ರ, ಗುಣಾ ನಿಮ್ಮದಲ್ಲ."

"ಅಲ್ರಿ!"

"ಕನ್ನಡೀದು."

"ಬರೋಬರ್!"

"ಕನ್ನಡಿ ನಮ್ಮ ಪ್ಯಾಟ್ಯಾಗೂ ಸಿಗತದ," ಎಂದರು ಮಹಾದೇವಪ್ಪ, ಕಾಳಿನ ರಾಶಿಯಿಂದ ಕೈ ತೆಗೆಯುವವರ ದನಿಯಲ್ಲಿ. "ಮತ್ತ ಹುಡುಗೀನ ಕನ್ನಡೀಗಿ ಕೊಡ್ಲಾಕ ಬರೂದಿಲ್ಲಲಾ ಗುರುಜಿ."

ಸಕ್ಕರೆಯ ಪುಡಿಕೆ ಚೀಲಕ್ಕೆ ಮರಳಿತು. ಈ ಸಲ ಚಹಾಕ್ಕೆ ನೀರು ಬೇಕಾದಷ್ಟಿತ್ತು. ಕುಡಿಯಲು ಯಾರೂ ಕೂಡಲಿಲ್ಲ. "ತಿಳಸ್ತೀವಿ," ಎಂದರು ಕುಸುಮಬಾಯಿ. ಖಾಲಿ ಟ್ಯಾಂಕರು ಅವರನ್ನು ಹತ್ತಿಸಿಕೊಂಡು ಹಗುರವಾಗಿ ದಿಬ್ಬ ಇಳಿಯಿತು.

ರಾಚಯ್ಯ ಸ್ವಾಮಿಗಳು ಬಂದು ಮಾಸ್ತರರ ಕೈಯಿಂದ ಕನ್ನಡಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ಇನ್ನ ಇದು ಊರಿಂದು ಗುರುಜಿ. ನಿಮ್ಮ ಮನ್ಯಾಗ ಇಡೂ ಸಾಮಾನಲ್ಲ."

ಅಂಗಳದಲ್ಲಿ ಉಳಿದವಳು ಅನುಸೂಯಾ. ಆಕೆ ಕಾಲ್ಬೆರಳಿನಿಂದ ಒದ್ದೆ ಮಣ್ಣು ಕೆದಕುತ್ತ, "ಸರ್, ನಂದು ಇನ್ನೊಂದು ಅಂದಾಜ ಅದರಿ," ಎಂದಳು.

"ಹೇಳು."

"ನೀವು ಖರೇ ಹೇಳಿದ್ರ ನಿಮ್ಮ ಲಗ್ನ ಮುರಿತದ್ರಿ."

ಮಾಸ್ತರು ದಿಬ್ಬ ಇಳಿದ ಟ್ಯಾಂಕರಿನ ಧೂಳನ್ನು ನೋಡಿದರು. ಆಮೇಲೆ ಅಭ್ಯಾಸ ಗೆದ್ದಿತು. "ಪರೀಕ್ಷಾ ಹ್ಯಾಂಗ ಮಾಡ್ತಿ?"

"ಇನ್ನೊಬ್ಬರು ಪಾವಣೇರು ಬರ್ಲಿರಿ. ಆವಾಗ ನೀವು ಸುಳ್ಳ ಹೇಳಿ ನೋಡ್ರಿ."

ಚಾವಡಿಯ ಕಡೆ ತೆಂಗಿನಕಾಯಿ ಒಡೆದ ಸದ್ದಾಯಿತು. ಬಿಸಿಲಿಗೆ ಇಟ್ಟರೆ ಕನ್ನಡಿಯ ಹಿಂದಿನ ಪಾದರಸ ಹಾರೀತೆಂದು ಊರಿನವರು ಅದನ್ನು ಬೇವಿನ ಬೊಡ್ಡೆಗೆ, ದಟ್ಟ ನೆರಳಿನಲ್ಲಿ, ಗಟ್ಟಿಯಾಗಿ ಜಡಿದಿದ್ದರು. ಗಾಜಿನ ತುಂಬ ವಿಭೂತಿ ಬಳಿದು ಕುಂಕುಮ ಇಟ್ಟಿದ್ದರು. ವರ್ಷದ ಯಾವ ದಿನವೂ ಅಲ್ಲಿಗೆ ಬಿಸಿಲು ಬೀಳುತ್ತಿರಲಿಲ್ಲ.

ಮಾಸ್ತರು ಬಾಯಿ ತೆರೆದರು. ಅನುಸೂಯೆಯ ಕಡೆ ನೋಡಿದರು. ಬಾಯಿ ಮುಚ್ಚಿದರು. ಬಲಗೆನ್ನೆಯ ನೊರೆ ಮತ್ತೆ ಒಣಗಿತ್ತು. ಅದನ್ನು ಬೋಳಿಸಿಕೊಳ್ಳಲು ಮನೆಯಲ್ಲಿ ಈಗ ಕನ್ನಡಿಯೂ ಇರಲಿಲ್ಲ.

ಶಿವಗಂಗಾಬಾಯಿ ಮಾಳಿಗೆಯಿಂದ ಕ್ಷೌರದ ಪೆಟ್ಟಿಗೆ ಇಳಿಸಿ ತಂದರು. ಬೇವಿನ ಮರವನ್ನೊಮ್ಮೆ, ಮಗನನ್ನೊಮ್ಮೆ ನೋಡಿ, ಉಳಿದ ಸಾಬೂನಿನ ಚೂರನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.

"ಇರ್ಲಿ," ಎಂದರು. "ನಾಳೆ ಮತ್ತ ಕೊಡಾ ಹಿಡಕೊಂಡು ಬರ್ತಾರ."