ಗೌರಿಯ ಗೃಹಪ್ರವೇಶ

ಊರು ಬೆಳೆದಂಗೆಲ್ಲ ಜನಕ್ಕೆ ಮೂಗೂ ಬೆಳೆಯುತ್ತೇನೋ, ನಮ್ಮ ಕೊಟ್ಟಿಗೆ ಮುಂದೆ ದಿನಾ ಒಂದಲ್ಲ ಒಂದು ತಮಾಷೆ. ನವುಲೆ ಆಚೆ ಇದ್ದ ನಮ್ಮ ಗದ್ದೆ ಲೇಔಟ್ ಆಯ್ತು. ಉಳಿದಿದ್ದು ಮನೆ, ಕೊಟ್ಟಿಗೆ, ನಮ್ಮ ಹಸು ಗೌರಿ. ಅವಳ ಹಾಲಲ್ಲೇ ನಮ್ಮ ಜೀವನ ನಡೀಬೇಕು. ಲೇಔಟ್ ಸಂಘದ ಅಧ್ಯಕ್ಷರಿಗೆ ಸಗಣಿ ವಾಸನೆಗೆ ತಲೆನೋವಂತೆ. ಕೊಟ್ಟಿಗೆ ತೆಗೆಸಿ ಅಂತ ಕಾರ್ಪೊರೇಷನ್ ಆಫೀಸಿಗೆ ಅರ್ಜಿ ಕೊಟ್ಟರು. ಅವರಿನ್ನೂ ಮನೆ ಕಟ್ತಾ ಇದ್ದರು, ತಲೆನೋವು ಆಗಲೇ ಬಂದು ಸೇರ್ಕೊಂಡಿತ್ತು.

ಪಾರ್ಸಲ್

ಮೂರನೇ ಮನೆಯಾಕೆ ನಮ್ಮ ಮನೆ ದಾಟುವಾಗೆಲ್ಲ ಮೂಗಿಗೆ ಸೆರಗು. ಒಂದಿನ ಅವರ ಮನೆಗೆ ಬೀಗ ಇತ್ತು ಅಂತ ಕೊರಿಯರ್‌ನವನು ಅವರ ಡಬ್ಬ ನನ್ನ ಕೈಗೆ ಕೊಟ್ಟು ಹೋದ. ಸಂಜೆ ಆಕೆ ಬಂದು ನನ್ನೆದುರೇ ಬಿಚ್ಚಿದರು. ಬಂಗಾರದ ಬಣ್ಣದ ಕಾಗದದೊಳಗೆ ಬೆರಣಿ! ಹೋಮಕ್ಕೆ ಫೋನಲ್ಲಿ ತರಿಸಿದ್ದಂತೆ. ಪಕ್ಕದಲ್ಲೇ ನಮ್ಮ ಗೋಡೆ ತುಂಬ ಬೆರಣಿ ಒಣಗ್ತಾ ಇತ್ತು. ಆಕೆ ಡಬ್ಬ ಮೂಗಿಗೆ ಹಿಡಿದು, "ನೋಡ್ರಿ, ಇದು ಒರಿಜಿನಲ್ ವಾಸನೆ" ಅಂದರು.

ಪ್ಲಾಸ್ಟಿಕ್ ಚೀಲ

ಎಷ್ಟೇ ಮೂಗು ಮುಚ್ಚಿದರೂ ಗೃಹಪ್ರವೇಶಕ್ಕೆ ಮೊದಲು ಹಸು ಒಳಗೆ ಕಾಲಿಡಬೇಕಲ್ಲ, ಆಗ ಗೌರಿನೇ ಬೇಕು. ಒಬ್ಬಮ್ಮ, ಟೈಲ್ಸ್ ಹಾಳಾಗ್ತವೆ, ಬಾಲದ ಕೆಳಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಕರ್ಕೊಂಡು ಬನ್ನಿ ಅಂದರು. ಧಾರಾಳವಾಗಿ ಕಟ್ಟಬಹುದು, ಕಟ್ಟೋಕೆ ನೀವೇ ಬನ್ನಿ ಅಂದೆ. ಬಂದೇಬಿಟ್ಟರು. ಗೌರಿ ತಿರುಗಿ ನೋಡಿದಳು ಅಷ್ಟೇ. ಚೀಲದ ಜೊತೆ ಒಂದು ಕಾಲಿನ ಚಪ್ಪಲೀನೂ ಅಲ್ಲೇ ಬಿಟ್ಟು ಓಡಿದರು.

ಅಧ್ಯಕ್ಷರ ಮನೆ

ಕೊನೆಗೆ ಅಧ್ಯಕ್ಷರ ಮನೆಯೂ ಮುಗೀತು. ಗೌರಿನ ಕರೆಯೋಕೆ ಅವರೇ ಬಂದರು. ಅರ್ಜಿ ವಿಚಾರ ಬೇರೆ, ಶಾಸ್ತ್ರದ ವಿಚಾರ ಬೇರೆ ಅಂದರು. ನಾಚಿಕೆ ಅನ್ನೋದನ್ನ ಎಲ್ಲಿ ಮಾರ್ಕೊಂಡಿದ್ದರೋ! ಶುಭಕಾರ್ಯಕ್ಕೆ ಇಲ್ಲ ಅನ್ನಬಾರದು ಅಂತ ಹೋದೆ.

ಗೌರಿ ಹೊಸ್ತಿಲು ದಾಟಿದಳು. ಬೆಲ್ಲ, ಬಾಳೆಹಣ್ಣು ತಿಂದಳು. ಮೇಲೆ ಫ್ಯಾನು, ಕೆಳಗೆ ತಣ್ಣನೆ ಗ್ರಾನೈಟು. ಬಾಗಿಲಿಗೆ ಅಡ್ಡಲಾಗಿ ಮಲಗಿಬಿಟ್ಟಳು. ಹೊರಗೆ ಅಧ್ಯಕ್ಷರು, ಕಳಶ ಹಿಡಿದ ಅವರ ಹೆಂಡತಿ, ಹಿಂದೆ ನೆಂಟರು. ಹಾಲು ಉಕ್ಕಿಸೋ ಮುಹೂರ್ತ ಮೀರ್ತಿದೆ ಅಂತ ಪುರೋಹಿತರ ಗೋಳು. ಎಬ್ಬಿಸಮ್ಮಾ ಅಂತ ಅಧ್ಯಕ್ಷರು ಅಂಗಲಾಚಿದರು.

ಹಿಂಡಿ ಬಕೆಟ್ ತಟ್ಟಿದರೆ ಸಾಕು, ಗೌರಿ ಎಲ್ಲಿದ್ದರೂ ಎದ್ದು ಬರ್ತಾಳೆ. ಬಕೆಟ್ ನನ್ನ ಕೈಯಲ್ಲೇ ಇತ್ತು. ತಟ್ಟಲಿಲ್ಲ.

"ಕೊಟ್ಟಿಗೆ ತೆಗೀಬೇಕು ಅಂದ್ರಲ್ಲ ಸಾರ್, ಪಾಪ, ಈಗಲೇ ಜಾಗ ನೋಡ್ಕೊಂಡಿದಾಳೆ" ಅಂದೆ.

ನೆಂಟರೆಲ್ಲ ನಕ್ಕರು. ಅರ್ಜಿ ಇಸ್ಕೊಂಡ ಆಫೀಸಿನವರೂ ಊಟಕ್ಕೆ ಬಂದು ಅಲ್ಲೇ ನಿಂತಿದ್ದರು. ಅವರೆದುರೇ ಅಧ್ಯಕ್ಷರು ಮುಖ ಹುಳ್ಳಗೆ ಮಾಡ್ಕೊಂಡು, "ಅರ್ಜಿ ವಾಪಸ್ ತಗೋತೀನಿ ಮಾರಾಯ್ತಿ, ನಿನ್ನ ಕೊಟ್ಟಿಗೆ ಅಲ್ಲೇ ಇರಲಿ" ಅಂದರು.

ಬಕೆಟ್ ತಟ್ಟಿದೆ. ಗೌರಿ ಎದ್ದಳು, ಬಾಲ ಎತ್ತಿದಳು, ಗ್ರಾನೈಟ್ ಮೇಲೆ ಧಾರಾಳವಾಗಿ ಸಗಣಿ ಹಾಕಿದಳು. ಇದಕ್ಕಿಂತ ಶುಭ ಇನ್ನೇನಿದೆ, ಪೂಜೆ ಮುಗಿಯೋವರೆಗೂ ಒರೆಸಬೇಡಿ ಅಂದರು ಪುರೋಹಿತರು. ತಲೆನೋವಿನ ಅಧ್ಯಕ್ಷರು ಬಗ್ಗಿ ಅದಕ್ಕೆ ಅರಿಶಿನ ಕುಂಕುಮ ಹಾಕಿ, ಮೂಗು ಮುಚ್ಚದೆ ಕೈ ಮುಗಿದರು.